ರಾತ್ರಿ ಊಟಕ್ಕೆ ಏನು ಮಾಡ್ತೀರಿ ಅಂತ ಕೇಳುವವರಿಗೆ

ಅಂಗಡಿಯಲ್ಲಿ ಜೊತೆಗೆ ಕೆಲಸ ಮಾಡುವವರು ಕೇಳುತ್ತಾರೆ. ಮಕ್ಕಳ ಶಾಲೆಯ ಗೇಟಿನ ಹತ್ತಿರ ನಿಂತವರು ಕೇಳುತ್ತಾರೆ. ಮದುವೆ ಮನೆಯಲ್ಲಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಪಕ್ಕದ ಎಲೆಯವರು ಕೇಳುತ್ತಾರೆ. "ಐದು ಜನ ಇದ್ದೀರಿ, ಹೊರಗಡೆ ತಿನ್ನೋದಿಲ್ಲ, ಏನೂ ತರಿಸೋದಿಲ್ಲ. ಅಷ್ಟು ಕಮ್ಮಿ ಖರ್ಚಲ್ಲಿ ದಿನಾ ರಾತ್ರಿ ಊಟಕ್ಕೆ ಏನು ಮಾಡ್ತೀರಿ? ಏನಾದ್ರೂ ಸಿಂಪಲ್ ಆಗಿರೋದು ಹೇಳ್ರಿ."

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ದುಡ್ಡಿನ ಮಾತು ಮುಗಿಸೋಣ, ಎಲ್ಲರಿಗೂ ಬೇಕಾಗಿರುವುದು ಅದೇ ಅಲ್ವಾ. ನಾನು ದಾವಣಗೆರೆಯ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮನೆಯಲ್ಲೂ ಒಂದು ನೋಟ್‌ಬುಕ್ ಇದೆ. ನಿನ್ನೆ ರಾತ್ರಿ ಬರೆದದ್ದು ಹೀಗಿದೆ. ಹೆಸರುಕಾಳು ಒಂದು ಪಾವು, 25 ರೂಪಾಯಿ. ರೊಟ್ಟಿಗೆ ಜೋಳದ ಹಿಟ್ಟು 35. ಮೆಂತ್ಯ ಸೊಪ್ಪು ಎರಡು ಕಟ್ಟು, 20. ಅಕ್ಕಿ 12. ಈರುಳ್ಳಿ, ಟೊಮೆಟೊ, ಬೆಳ್ಳುಳ್ಳಿ ಎಲ್ಲ ಸೇರಿ 15. ಎಣ್ಣೆ 8. ಮಜ್ಜಿಗೆ 10. ಗ್ಯಾಸ್ 12. ಒಟ್ಟು 137 ರೂಪಾಯಿ. ನಾನು, ನಮ್ಮನೆಯವರು, ಅತ್ತೆ, ಇಬ್ಬರು ಮಕ್ಕಳು ಹೊಟ್ಟೆ ತುಂಬ ಉಂಡೆವು. ಗ್ಯಾಸನ್ನೂ ಯಾಕೆ ಬರೆಯುತ್ತೇನೆ ಅಂದರೆ, 14.2 ಕೆಜಿ ಸಿಲಿಂಡರು ನಮ್ಮ ಮನೆಯಲ್ಲಿ ಹೆಚ್ಚು ಕಡಿಮೆ 40 ದಿನ ಬರುತ್ತದೆ. ಕಾಳು ನೆನೆಸದೆ ಬೇಯಿಸಿದ ತಿಂಗಳು ಅದು ನಾಲ್ಕೈದು ದಿನ ಮೊದಲೇ ಖಾಲಿಯಾಗುತ್ತದೆ. ಅಡುಗೆಯ ಖರ್ಚು ಅಂದರೆ ಬರೀ ತರಕಾರಿ ಖರ್ಚು ಅಂತ ತಿಳಿದವರು ಒಂದು ತಿಂಗಳು ಇದನ್ನೂ ಬರೆದು ನೋಡಲಿ.

ಇನ್ನು ಆ "ಸಿಂಪಲ್" ಅನ್ನೋ ಮಾತು. ಅದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಜೋಳದ ರೊಟ್ಟಿ ಸಿಂಪಲ್ ಅಂತೀರಲ್ಲ, ಬಡಿದಿದ್ದೀರಾ? ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನ ಜಿಗುಟು ಇಲ್ಲ. ಎಸರು ಕುದಿಸಿ ಹಿಟ್ಟಿಗೆ ಹಾಕಿದರೇನೇ ಅದಕ್ಕೆ ಅಂಟು ಬರುವುದು. ಕೈ ಸುಡುತ್ತಿರುವಾಗಲೇ ನಾದಬೇಕು. ಹಿಟ್ಟು ಬೀಸಿ ತಿಂಗಳಾಗಿದ್ದರೆ ಎಷ್ಟು ನಾದಿದರೂ ಅಂಚು ಸೀಳುತ್ತದೆ. ನಾನು ರಾಣೆಬೆನ್ನೂರು ಕಡೆಯವಳು, ಹತ್ತು ವರ್ಷದವಳಿದ್ದಾಗಿಂದ ಬಡಿಯುತ್ತಿದ್ದೇನೆ. ಇವತ್ತಿಗೂ ಮೊದಲನೇ ರೊಟ್ಟಿ ಹಂಚಿಗೆ ಹಾಕುವಾಗ ಉಸಿರು ಬಿಗಿ ಹಿಡಿಯುತ್ತೇನೆ. ಖರ್ಚು ಕಮ್ಮಿ ಇರುವ ಅಡುಗೆಗೆಲ್ಲ ಕೆಲಸವೂ ಕಮ್ಮಿ ಅಂತ ಯಾರು ಹೇಳಿದರೋ ಗೊತ್ತಿಲ್ಲ.

ಹೋದ ವರ್ಷ ನಿಟ್ಟುವಳ್ಳಿಯಲ್ಲಿ ನಮ್ಮ ಸಂಬಂಧಿಕರ ಮನೆ ಗೃಹಪ್ರವೇಶ ಇತ್ತು. ದೊಡ್ಡಮ್ಮನ ಮಗಳು ಬಂದಿದ್ದಳು. ನನಗಿಂತ ಆರು ವರ್ಷ ದೊಡ್ಡವಳು, ಅಕ್ಕ ಅಂತಲೇ ಕರೆಯುವುದು. ಚಿಕ್ಕವಳಿದ್ದಾಗ ನನಗೆ ಜಡೆ ಹಾಕಿದವಳು. ಎಲ್ಲರೂ ಊಟಕ್ಕೆ ಕೂತಾಗ, ಸಾಲಿನ ಆ ಕಡೆಯಿಂದ ಜೋರಾಗಿ ಕೇಳಿದಳು. "ಏನೇ, ದಿನಾ ಕಾಳು ಸಾರು ಮಾಡಿ ಹಾಕ್ತೀಯಂತೆ ಮಕ್ಕಳಿಗೆ? ಪಾಪ."

ಆ "ಪಾಪ" ನನ್ನ ಎದೆಗೆ ನಾಟಿತು. ನಾನು ಬಾಯಿ ತೆರೆಯುವುದರೊಳಗೆ ಪಕ್ಕದಲ್ಲಿದ್ದ ನನ್ನ ಮಗಳು, ಒಂಬತ್ತು ವರ್ಷದವಳು, ಬಾಯಲ್ಲಿದ್ದ ಹೋಳಿಗೆ ನುಂಗಿ ಹೇಳಿದಳು. "ದಿನಾ ಇಲ್ಲ ದೊಡ್ಡಮ್ಮ. ಶುಕ್ರವಾರ ಮಂಡಕ್ಕಿ."

ಸಾಲೆಲ್ಲ ನಕ್ಕಿತು. ಬಡಿಸುತ್ತಿದ್ದ ಹುಡುಗನೂ ನಕ್ಕ. ಅಕ್ಕನೂ ನಕ್ಕಳು. ನನಗೆ ನಗು ಬರಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಆಟೋದಲ್ಲಿ ಕೂತು ನಾನು ಹೇಳಬೇಕಾಗಿದ್ದ ಉತ್ತರಗಳನ್ನು ಜೋಡಿಸುತ್ತಿದ್ದೆ.

ಅವುಗಳಲ್ಲಿ ಮೊದಲನೆಯದು ಇದು. ಅಕ್ಕ, 100 ಗ್ರಾಂ ಒಣ ಹೆಸರುಕಾಳಿನಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇದೆ. ಅಷ್ಟೇ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ನನ್ನ ಮಕ್ಕಳಿಗೆ ಯಾರೂ ಪಾಪ ಅನ್ನಬೇಕಾಗಿಲ್ಲ.

ಎರಡನೆಯದು, ಕಾಳು ಸಾರು ಅಂದರೆ ಒಂದೇ ಸಾರು ಅಂತ ತಿಳಿದಿದ್ದೀಯಲ್ಲ, ನಮ್ಮತ್ತೆ ಮಾಡುವ ಬಸ್ಸಾರು ನೀನು ತಿಂದಿಲ್ಲ.

ನಮ್ಮತ್ತೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಡೆಯವರು. 1997ರಲ್ಲಿ ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆ ಆಯಿತು. ನಮ್ಮ ಅಡುಗೆ ಮನೆಯಲ್ಲಿ ಇನ್ನೂ ಬೇರೆಯಾಗಿಲ್ಲ. ಸೋಮವಾರ ಮುದ್ದೆ ಆದರೆ ಮಂಗಳವಾರ ರೊಟ್ಟಿ. ಮುದ್ದೆ ಅವರ ಕಡೆಯದು, ರೊಟ್ಟಿ ನನ್ನ ಕಡೆಯದು. ಮದುವೆಯಾದ ಹೊಸತರಲ್ಲಿ ಇದೇ ವಿಷಯಕ್ಕೆ ಮುಖ ಊದಿಸಿಕೊಂಡಿದ್ದೂ ಇದೆ. ಈಗ ವಾರದ ಅಡುಗೆ ಪ್ಲಾನ್‌ಗೆ ಅದೇ ಬುನಾದಿ. ಮುದ್ದೆ ದಿನ ಸಾರು ಗಟ್ಟಿಯಾಗಿರಬೇಕು, ರೊಟ್ಟಿ ದಿನ ಪಲ್ಯ ಇರಬೇಕು. ಇಷ್ಟು ಗೊತ್ತಿದ್ದರೆ ಅರ್ಧ ಪ್ಲಾನ್ ಮುಗಿದ ಹಾಗೆ.

ಬಸ್ಸಾರು ಹೇಳುತ್ತೇನೆ, ಸರಿಯಾಗಿ ಕೇಳಿ. ರಾತ್ರಿ ನೆನೆಸಿಟ್ಟ ಹುರುಳಿಕಾಳನ್ನು ಜಾಸ್ತಿ ನೀರು ಹಾಕಿ ಬೇಯಿಸಬೇಕು. ಬೆಂದ ಮೇಲೆ ನೀರು ಬಸಿದು ಇಟ್ಟುಕೊಳ್ಳಬೇಕು. ಬಸಿದ ಆ ನೀರು, ಅಂದರೆ ಕಟ್ಟು, ಕಂದು ಬಣ್ಣಕ್ಕೆ ಬಂದಿರುತ್ತದೆ, ಮಳೆ ಬಿದ್ದ ಹೊಲದ ವಾಸನೆ ಇರುತ್ತದೆ. ಒಂದು ಚಮಚ ಎಣ್ಣೆಯಲ್ಲಿ ಈರುಳ್ಳಿ, ಒಂದು ಗಡ್ಡೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ನಾಲ್ಕು ಕಾಳುಮೆಣಸು ಹುರಿಯಬೇಕು. ಈರುಳ್ಳಿ ಅಂಚು ಕಪ್ಪಾಗುವವರೆಗೆ ಬಿಡಬೇಕು, ಅವಸರ ಮಾಡಿದರೆ ಸಾರು ಸಪ್ಪೆ. ಅದಕ್ಕೆ ಸ್ವಲ್ಪ ಹುಣಸೆಹಣ್ಣು, ಒಂದು ಚೂರು ಕೊಬ್ಬರಿ. ಆಮೇಲೆ ಬೆಂದ ಕಾಳಲ್ಲೇ ಒಂದು ಹಿಡಿ ತೆಗೆದು ಜೊತೆಗೆ ಹಾಕಿ ರುಬ್ಬಬೇಕು. ನಮ್ಮತ್ತೆ ಕಲಿಸಿದ್ದರಲ್ಲಿ ದೊಡ್ಡ ವಿಷಯ ಆ ಒಂದು ಹಿಡಿ. ಸಾರು ಗಟ್ಟಿಯಾಗುವುದಕ್ಕೆ ಇಡೀ ತೆಂಗಿನಕಾಯಿ ಒಡೆಯಬೇಕಾಗಿಲ್ಲ. ರುಬ್ಬಿದ್ದನ್ನು ಕಟ್ಟಿಗೆ ಸೇರಿಸಿ ಕುದಿಸಿದರೆ ಸಾರು ಆಯಿತು. ಉಳಿದ ಕಾಳಿಗೆ ಸಾಸಿವೆ, ಈರುಳ್ಳಿ ಒಗ್ಗರಣೆ ಕೊಟ್ಟರೆ ಪಲ್ಯ ಆಯಿತು. ಒಂದೇ ಪಾವು ಕಾಳು, ಎರಡು ಅಡುಗೆ. ಮಾರನೇ ದಿನ ಆ ಸಾರಿಗೆ ಇನ್ನೂ ರುಚಿ ಜಾಸ್ತಿ.

ಮಧ್ಯಾಹ್ನದ ಅನ್ನ ಒಂದು ಹಿಡಿ ಮಿಕ್ಕಿದ್ದರೆ ಅದು ಮುದ್ದೆ ಎಸರಿಗೆ ಹೋಗುತ್ತದೆ. ಅನ್ನ ಎಸರಲ್ಲಿ ಕರಗಿದ ಮೇಲೆ ರಾಗಿ ಹಿಟ್ಟು ಸುರಿದು, ನಡುವೆ ಕೋಲು ಚುಚ್ಚಿ, ಹಾಗೇ ಬೇಯಲು ಬಿಡಬೇಕು. ಆಮೇಲೆ ತೊಳಸುವುದು. ಗಂಟು ಬಿದ್ದರೆ ನಮ್ಮತ್ತೆ ಏನೂ ಅನ್ನುವುದಿಲ್ಲ, ಆ ಗಂಟನ್ನು ಬೆರಳಲ್ಲಿ ತೆಗೆದು ತಟ್ಟೆ ಅಂಚಿಗೆ ಇಡುತ್ತಾರೆ. ಅಷ್ಟು ಸಾಕು.

ಉಳಿದ ದಿನಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ದಿನ ಬದನೆಕಾಯಿ ಪಲ್ಯ, ಇನ್ನೊಂದು ದಿನ ಸೊಪ್ಪಿನ ಸಾರು. ಕೆಲಸ ತಡವಾದ ದಿನ ಖಡಕ್ ರೊಟ್ಟಿ, ಮೊಸರು, ಶೇಂಗಾ ಚಟ್ನಿಪುಡಿ, ಹಸಿ ಈರುಳ್ಳಿ. ಶುಕ್ರವಾರ ಮಗಳು ಹೇಳಿದ ಮಂಡಕ್ಕಿ. ನಮ್ಮೂರಲ್ಲಿ ಮಂಡಕ್ಕಿ ಭಟ್ಟಿಗಳೇ ಇವೆ, ಬಿಸಿ ಮರಳಲ್ಲಿ ಹುರಿದ ಮಂಡಕ್ಕಿ ಗರಿಗರಿಯಾಗಿ ಸಿಗುತ್ತದೆ. ನೀರಲ್ಲಿ ಅದ್ದಿ, ಹಿಂಡಿ, ಒಗ್ಗರಣೆ ಹಾಕಿ, ಮೇಲೆ ಪುಟಾಣಿ ಪುಡಿ. ಬೆಳಿಗ್ಗೆಯ ತಿಂಡಿಯನ್ನು ರಾತ್ರಿ ಮಾಡ್ತೀರಾ ಅಂತ ಮೂಗು ಮುರಿಯುವವರು ಇದ್ದಾರೆ. ನಾನು ಅದಕ್ಕೆ ಬೇಯಿಸಿದ ಕಡಲೆಕಾಳು ಒಂದು ಬಟ್ಟಲು ಸೇರಿಸುತ್ತೇನೆ, ಶೇಂಗಾ ಹಾಕುತ್ತೇನೆ, ಜೊತೆಗೆ ಮಜ್ಜಿಗೆ ಕೊಡುತ್ತೇನೆ. ಅದು ಊಟವೇ.

ಇನ್ನು ಕೆಲವರು ಸಿರಿಧಾನ್ಯ ಮಾಡಿ ಅನ್ನುತ್ತಾರೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಅಂತ ಆಚರಿಸಿದ ಮೇಲೆ ಈ ಸಲಹೆ ಜಾಸ್ತಿಯಾಗಿದೆ. ನಮ್ಮತ್ತೆ ಚಿಕ್ಕವರಿದ್ದಾಗ ನವಣೆ ಅನ್ನ ಉಂಡೇ ಬೆಳೆದವರು, ಅವರಿಗೆ ಅದು ತುಂಬ ಇಷ್ಟ. ಆದರೆ ಈಗ ಅಂಗಡಿಯಲ್ಲಿ ನವಣೆ ಅಕ್ಕಿಯ ಬೆಲೆ ನಾವು ತರುವ ಅಕ್ಕಿಗಿಂತ ಎಷ್ಟೋ ಜಾಸ್ತಿ. ತಿಂಗಳಿಗೆ ಒಂದು ಕೆಜಿ ಅವರಿಗಾಗಿಯೇ ತರುತ್ತೇನೆ. ರಾಗಿ, ಜೋಳ ನಮ್ಮ ಕೈಗೆ ಎಟುಕುತ್ತವೆ, ಅವನ್ನೇ ಉಣ್ಣುತ್ತೇವೆ.

ಇಷ್ಟೆಲ್ಲ ಹೇಳಿದರೂ ಕೇಳಿದವರಿಗೆ ಉಪಯೋಗ ಆಗುವುದಿಲ್ಲ, ಅದು ನನಗೆ ಗೊತ್ತಿದೆ. ಯಾಕೆ ಅಂದರೆ ಅವರು ಕೇಳುವುದು ಸಂಜೆ ಏಳಕ್ಕೆ. "ಅಕ್ಕಾ, ಈಗ ಏನು ಮಾಡಲಿ?" ಅಂತ ಫೋನ್ ಬರುತ್ತದೆ. ಏಳಕ್ಕೆ ಹಸಿವಾಗಿದೆ, ಮಕ್ಕಳು ಅಳುತ್ತಿದ್ದಾರೆ, ಕಾಳು ಡಬ್ಬಿಯಲ್ಲೇ ಒಣಗಿ ಕೂತಿದೆ. ದಾವಣಗೆರೆಯಲ್ಲಿ ಆ ಹೊತ್ತಿಗೆ ಪ್ರತಿ ರಸ್ತೆ ಮೂಲೆಯಿಂದಲೂ ಮಿರ್ಚಿ ಕರಿಯುವ ವಾಸನೆ ಬೇರೆ ಬರುತ್ತಿರುತ್ತದೆ. ಆಗ ಯಾರು ತಾನೇ ತಡೆದುಕೊಳ್ಳುತ್ತಾರೆ? ಐದು ಜನಕ್ಕೆ ಮಿರ್ಚಿ, ಆಮೇಲೆ ಹೋಟೆಲಿಂದ ಫ್ರೈಡ್ ರೈಸ್, 400 ರೂಪಾಯಿ ಹೋಯಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಮದುವೆಯಾದ ಮೊದಲ ಎರಡು ವರ್ಷ ಹಾಗೇ ಮಾಡಿದ್ದೇನೆ.

ನಾನು ಬದಲಾಗಿದ್ದು ನಮ್ಮ ಬೀದಿಯವರಿಂದ. ನಮ್ಮ ಬೀದಿಯಲ್ಲಿ ಬೆಳಿಗ್ಗೆ ನೀರು ಹಿಡಿಯುವಾಗ ಹೆಂಗಸರು ಒಬ್ಬರನ್ನೊಬ್ಬರು ಒಂದು ಮಾತು ಕೇಳುತ್ತಾರೆ. "ಏನ್ ನೆನೆ ಹಾಕಿದ್ರಿ?" ಬೆಳಿಗ್ಗೆ ಆರೂವರೆಗೆ. ಏನು ಅಡುಗೆ ಅಂತ ಯಾರೂ ಕೇಳುವುದಿಲ್ಲ. ಹೊಸದಾಗಿ ಬಂದಾಗ ನನಗೆ ಇದು ಅರ್ಥವೇ ಆಗಿರಲಿಲ್ಲ. ಇನ್ನೂ ತಿಂಡಿಯೇ ಆಗಿಲ್ಲ, ರಾತ್ರಿಯ ಮಾತು ಯಾಕೆ ಅಂತ. ನಿಧಾನಕ್ಕೆ ತಿಳಿಯಿತು. ಒಬ್ಬರು ಅಲಸಂದೆ ಅಂದರೆ ಇನ್ನೊಬ್ಬರಿಗೆ ತಮ್ಮ ಡಬ್ಬಿ ನೆನಪಾಗುತ್ತದೆ. ಒಬ್ಬರು ಮರೆತಿದ್ದರೆ ಆಗಲೇ ಒಳಗೆ ಓಡಿ ಹೋಗಿ ಹಾಕುತ್ತಾರೆ. ರಾತ್ರಿ ಊಟ ನಿರ್ಧಾರವಾಗುವುದು ಆ ನಲ್ಲಿಯ ಹತ್ತಿರ.

ಆದ್ದರಿಂದ ನನ್ನನ್ನು ಏನಾದರೂ ಕೇಳಲೇಬೇಕು ಅಂದರೆ ಇದನ್ನು ಕೇಳಿ. ಬೆಳಿಗ್ಗೆ ಕೇಳಿ. ಇದಕ್ಕಾದರೆ ಎಷ್ಟು ಹೊತ್ತು ಬೇಕಾದರೂ ಉತ್ತರ ಹೇಳುತ್ತೇನೆ. ಹೆಸರುಕಾಳಿಗೆ ಐದಾರು ಗಂಟೆ ಸಾಕು. ಅಲಸಂದೆಗೆ ಏಳೆಂಟು ಗಂಟೆ, ಬೆಳಿಗ್ಗೆ ಹಾಕಿದರೆ ರಾತ್ರಿಗೆ ಸರಿ ಹೋಗುತ್ತದೆ. ಕಡಲೆ, ಹುರುಳಿ ಹಿಂದಿನ ರಾತ್ರಿಯೇ ಹಾಕಬೇಕು. ತೊಗರಿಬೇಳೆಯನ್ನೂ ಅರ್ಧ ಗಂಟೆ ನೆನೆಸಿದರೆ ಒಂದು ಕೂಗು ಕಮ್ಮಿ ಸಾಕು. ಬೇಸಿಗೆಯಲ್ಲಿ ಮಾತ್ರ ಹುಷಾರು. ನಮ್ಮೂರಿನ ಏಪ್ರಿಲ್ ಬಿಸಿಲಿಗೆ, ಬೆಳಿಗ್ಗೆ ಎಂಟಕ್ಕೆ ನೀರಲ್ಲಿ ಹಾಕಿಟ್ಟ ಹೆಸರು ಸಂಜೆ ಏಳಕ್ಕೆ ಹುಳಿ ವಾಸನೆ ಬರುತ್ತದೆ. ನಾನು ಅಂಗಡಿಯಲ್ಲಿರುತ್ತೇನೆ, ಮನೆಯಲ್ಲಿ ಅತ್ತೆ ಇರುತ್ತಾರೆ. ಮಧ್ಯಾಹ್ನ ಅವರು ನೀರು ಬಸಿದು, ಹಳೇ ಬಿಳಿ ಪಂಚೆಯ ತುಂಡಲ್ಲಿ ಕಾಳು ಕಟ್ಟಿ, ನೀರಿನ ಕೊಡದ ಪಕ್ಕ ತಂಪಿನಲ್ಲಿ ಇಡುತ್ತಾರೆ. ಸಂಜೆ ನಾನು ಗಂಟು ಬಿಚ್ಚಿದರೆ ಕೆಲವು ಕಾಳುಗಳ ತುದಿಯಲ್ಲಿ ಬಿಳಿ ಮೊಳಕೆ ಇಣುಕಿರುತ್ತದೆ, ಅಕ್ಕಿ ನುಚ್ಚಿನಷ್ಟು. ನನಗೆ ಅದನ್ನು ನೋಡುವುದೇ ಒಂದು ಖುಷಿ. ದಿನವಿಡೀ ಬೇರೆಯವರ ಬಿಲ್ಲು ಕೂಡಿಸಿ ಬಂದಿರುತ್ತೇನೆ. ನಾನಿಲ್ಲದಾಗಲೂ ಮನೆಯಲ್ಲಿ ನಮ್ಮ ಊಟ ತನ್ನಷ್ಟಕ್ಕೆ ತಯಾರಾಗುತ್ತಿತ್ತು ಅನ್ನಿಸುತ್ತದೆ.

ನಮ್ಮತ್ತೆ ಇಲ್ಲದ ಮನೆಯವರು ಏನು ಮಾಡಬೇಕು ಅಂತಲೂ ಕೇಳಬಹುದು. ನೀರು ಬಸಿದು ಫ್ರಿಜ್ಜಿನಲ್ಲಿಟ್ಟು ಹೋಗಿ. ಫ್ರಿಜ್ ಇಲ್ಲದಿದ್ದರೆ ಬೇಸಿಗೆಯಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಬೇಯಿಸಿ, ಮಧ್ಯಾಹ್ನದ ಡಬ್ಬಿಗೂ ಅದನ್ನೇ ಹಾಕಿ. ಸಂಜೆ ಸಾರನ್ನು ಇನ್ನೊಮ್ಮೆ ಚೆನ್ನಾಗಿ ಕುದಿಸಿ, ಬಿಸಿ ಮುದ್ದೆ ಮಾಡಿಕೊಂಡರೆ ಆಯಿತು.

ಗೃಹಪ್ರವೇಶ ಆಗಿ ಒಂದೆರಡು ತಿಂಗಳ ಮೇಲೆ ಅಕ್ಕ ಫೋನ್ ಮಾಡಿದ್ದಳು. ಸಂಜೆ ಏಳು ಗಂಟೆ. ಅವಳ ಮಗನಿಗೆ ಹೊರಗಡೆ ತಿಂದು ತಿಂದು ಹೊಟ್ಟೆ ಕೆಟ್ಟಿತ್ತಂತೆ, ಡಾಕ್ಟರು ಮನೆ ಊಟ ಕೊಡಿ ಅಂದಿದ್ದರಂತೆ. "ಆ ನಿನ್ನ ಕಾಳು ಸಾರು ಹೆಂಗೆ ಮಾಡ್ತೀಯೇ?" ಅಂತ ಕೇಳಿದಳು. ದನಿ ಸಣ್ಣಗಿತ್ತು. ಇಷ್ಟು ದಿನ ಜೋಡಿಸಿಟ್ಟುಕೊಂಡ ಉತ್ತರಗಳಲ್ಲಿ ಒಂದೂ ನನಗೆ ನೆನಪಿಗೆ ಬರಲಿಲ್ಲ. ಇವತ್ತಿಗೆ ಹೆಸರುಬೇಳೆ ಗಂಜಿ ಮಾಡಿ ಕೊಡು, ಜೀರಿಗೆ ಹಾಕು, ಖಾರ ಬೇಡ ಅಂದೆ. ಕಾಳಿಗೆ ಬೆಳಿಗ್ಗೆ ಫೋನ್ ಮಾಡು ಅಂದೆ.

ಬೆಳಿಗ್ಗೆ ಅವಳು ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ, ಅದು ನನ್ನ ತಪ್ಪು. ಅದಕ್ಕೇ ಇದನ್ನು ಮೊದಲು ಕಳಿಸುವುದು ಅವಳಿಗೆ. ಹುಡುಗನಿಗೆ ಈಗ ಹೊಟ್ಟೆ ಸರಿ ಹೋಗಿದ್ದರೆ ಹೆಸರಿನಿಂದಲೇ ಶುರು ಮಾಡು ಅಕ್ಕ, ಹುರುಳಿ ಆಮೇಲೆ ನೋಡೋಣ. ನಾಲ್ಕು ಜನಕ್ಕೆ ಮುಕ್ಕಾಲು ಪಾವು ಹಾಕು. ನೀರು ಕಾಳಿನ ಮೇಲೆ ಎರಡು ಬೆರಳು ನಿಲ್ಲಬೇಕು, ನೆನೆದ ಮೇಲೆ ಕಾಳು ಎರಡರಷ್ಟು ಉಬ್ಬುತ್ತದೆ, ಸ್ವಲ್ಪ ದೊಡ್ಡ ಪಾತ್ರೆಯಲ್ಲೇ ಹಾಕು.