ನಾಗಬನದಲ್ಲಿ ಹೊದೆಸಿದ ಶಾಲು

"ಗಂಡು ಹುಡುಗ ಅಲ್ವಾ? ಅಂಗಿ ಹಾಕಿದ್ರೆ ಮುಗೀತು."

ಅಕ್ಕನ ಮಗನಿಗೆ ಹಾರ್ಟ್ ಆಪರೇಷನ್ ಆದ ಮೇಲೆ ಮನೆಗೆ ನೋಡಲು ಬಂದವರಲ್ಲಿ ಹೆಚ್ಚಿನವರು ಅವನ ಎದೆಯ ಮೇಲಿನ ಗಾಯದ ಕಲೆಗೆ ಇದನ್ನೇ ಹೇಳಿದರು. ಸಮಾಧಾನಕ್ಕೆ ಹೇಳಿದ ಮಾತು. ನಾನೂ ಹೌದು ಹೌದು ಎಂದು ತಲೆ ಆಡಿಸಿದ್ದೆ. ಉಡುಪಿಯಲ್ಲಿ ಬೆಳೆಯುವ ಹುಡುಗನಿಗೆ ಅಂಗಿ ಕಳಚುವ ಸಂದರ್ಭ ಎಷ್ಟು ಬರುತ್ತದೆ ಎಂದು ಯೋಚಿಸಿದ್ದು ಆಮೇಲೆ. ನಮ್ಮ ಕಡೆಯ ಎಷ್ಟೋ ದೇವಸ್ಥಾನಗಳಲ್ಲಿ ಗಂಡಸರು ಅಂಗಿ, ಬನಿಯನ್ ಎರಡೂ ತೆಗೆದೇ ಒಳಗೆ ಹೋಗಬೇಕು. ನಾಗನ ಕಲ್ಲುಗಳಿರುವ ಕುಟುಂಬದ ನಾಗಬನಕ್ಕೂ ಹಾಗೆಯೇ. ಮಲ್ಪೆ ಬೀಚಿನಲ್ಲಿ ನೀರಿಗೆ ಇಳಿಯುವಾಗ, ಕೃಷ್ಣಾಷ್ಟಮಿಗೆ ಹುಲಿವೇಷ ಹಾಕುವಾಗ ಕೂಡ ಎದೆ ತೆರೆದೇ ಇರುತ್ತದೆ. ಅಷ್ಟೇಕೆ, ಏಪ್ರಿಲ್-ಮೇ ತಿಂಗಳ ಸೆಕೆಗೆ ಮನೆ ಜಗಲಿಯಲ್ಲಿ ಅಂಗಿ ಹಾಕಿಕೊಂಡು ಕೂರುವ ಗಂಡಸರೇ ಕಡಿಮೆ.

ಅವನಿಗೆ ಆಗ 16. ಎಸೆಸೆಲ್ಸಿ ಪರೀಕ್ಷೆ ಮುಗಿದಿತ್ತು. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಹುಟ್ಟಿನಿಂದಲೇ ತೂತು ಇತ್ತು. ಪದೇ ಪದೇ ಶೀತ ಆಗುವುದು, ಓಡಿದರೆ ಬೇಗ ಉಸಿರು ಕಟ್ಟುವುದು ಬಿಟ್ಟರೆ ಬೇರೆ ಸೂಚನೆ ಇರಲಿಲ್ಲ. ಇಂಥ ತೂತನ್ನು ಎಷ್ಟೋ ಮಕ್ಕಳಿಗೆ ತೊಡೆಯ ರಕ್ತನಾಳದ ಮೂಲಕ ಒಂದು ಸಣ್ಣ ಸಾಧನ ಕಳಿಸಿ ಮುಚ್ಚುತ್ತಾರೆ. ಇವನ ತೂತಿನ ಸುತ್ತ ಅದು ಹಿಡಿದು ನಿಲ್ಲುವಷ್ಟು ಅಂಚು ಇರಲಿಲ್ಲ. ಹಾಗಾಗಿ ಎದೆ ತೆರೆಯಲೇಬೇಕಾಯಿತು. ಎದೆಯ ನಡುವಿನ ಮೂಳೆಯನ್ನು ಉದ್ದಕ್ಕೆ ಕೊಯ್ದು, ಕೆಲಸ ಮುಗಿದ ಮೇಲೆ ಸ್ಟೀಲ್ ತಂತಿಯಿಂದ ಬಿಗಿದು ಕೂಡಿಸುತ್ತಾರೆ. ಆ ತಂತಿ ಒಳಗೇ ಇರುತ್ತದೆ. ಕೊರಳ ಕುಳಿಯ ಸ್ವಲ್ಪ ಕೆಳಗಿನಿಂದ ಹೊಟ್ಟೆಯ ಮೇಲಿನವರೆಗೆ ಒಂದು ಗೆರೆ. ಅದರ ಕೆಳಗೆ ಟ್ಯೂಬ್ ಹಾಕಿದ್ದ ಜಾಗದಲ್ಲಿ ಎರಡು ದುಂಡು ಗುರುತು.

ಆಪರೇಷನ್ ಬಗ್ಗೆ ನಾವು ಕೇಳದ ಪ್ರಶ್ನೆ ಇಲ್ಲ. ಖರ್ಚೆಷ್ಟು, ರಕ್ತ ಬೇಕಾ, ಎಷ್ಟು ದಿನ ಐಸಿಯು, ಭಾರ ಎತ್ತುವುದು ಯಾವಾಗ. ಗಾಯದ ಕಲೆಯ ಬಗ್ಗೆ ಯಾರೂ ಕೇಳಲಿಲ್ಲ. ಜೀವ ಉಳಿಯುವ ಮಾತಿನ ಮುಂದೆ ಅದನ್ನು ಕೇಳುವುದೇ ತಪ್ಪು ಅನಿಸಿತ್ತು ನಮಗೆ. ಹುಡುಗನಿಗೂ ಹಾಗೇ ಅನಿಸಿರಬೇಕು. ಪಟ್ಟಿ ಬಿಚ್ಚಿದ ದಿನ ನರ್ಸ್ "ನೋಡ್ತೀಯಾ?" ಎಂದು ಮೆಲ್ಲ ಕೇಳಿದಾಗ ಬೇಡ ಎಂದು ಮುಖ ತಿರುಗಿಸಿದ. ಮನೆಗೆ ಬರುವ ಮೊದಲೇ ಅಕ್ಕ ಬಚ್ಚಲುಮನೆಯ ಕನ್ನಡಿ ತೆಗೆದಿಟ್ಟಳು. ಅವಳು ತಾಯಿ, ಅವಳ ಸಂಕಟ ನನಗೆ ಗೊತ್ತು. ಆದರೂ ಗೋಡೆಯಲ್ಲಿ ಉಳಿದ ಆ ಖಾಲಿ ಮೊಳೆ ಕಂಡಾಗೆಲ್ಲ ನನಗೆ ಹೊಟ್ಟೆಯೊಳಗೆ ಏನೋ ಆಗುತ್ತಿತ್ತು.

ಮೂರು ತಿಂಗಳ ನಂತರ ನಾಗರಪಂಚಮಿ ಬಂತು. ಮೂಳೆ ಚೆನ್ನಾಗಿ ಕೂಡಿದೆ ಎಂದು ಡಾಕ್ಟರು ಹೇಳಿಯಾಗಿತ್ತು. ಅವನ ತಂದೆಯ ಕುಟುಂಬದ ಮೂಲ ನಾಗಬನಕ್ಕೆ ನಾವೆಲ್ಲ ಹೋದೆವು. ಹಾಲು, ಸಿಯಾಳ, ಅಡಿಕೆಯ ಹಿಂಗಾರ, ಕೇದಗೆ ಎಲ್ಲ ಹೊತ್ತುಕೊಂಡು ಬಂದ ಸುಮಾರು 40 ಜನ. ಎಲ್ಲರ ಜೊತೆ ಅವನೂ ಅಂಗಿ ಕಳಚಿದ. ಗೆರೆ ಆಗ ಕೆಂಪು-ನೇರಳೆ ಬಣ್ಣದಲ್ಲಿತ್ತು. ನಡುವೆ ಹಗ್ಗದ ಹಾಗೆ ಎದ್ದು ನಿಂತಿತ್ತು. ಹತ್ತಿರ ನಿಂತಿದ್ದ ಇಬ್ಬರು ನೋಡಿದರು. ಒಬ್ಬರು ನಾಲಗೆ ಲೊಚಗುಟ್ಟಿದರು. ನಾನು ಹಿಂದೆಮುಂದೆ ನೋಡದೆ ನನ್ನ ಹೆಗಲ ಮೇಲಿದ್ದ ಶಾಲು ತೆಗೆದು ಅವನ ಎದೆ ಮುಚ್ಚುವ ಹಾಗೆ ಹೊದೆಸಿಬಿಟ್ಟೆ. ಅವನು ಏನೂ ಹೇಳಲಿಲ್ಲ. ಆ ದಿನ ಮಧ್ಯಾಹ್ನ ಅರಶಿನ ಎಲೆಯ ಕಡುಬನ್ನೂ ಅವನು ಸರಿಯಾಗಿ ತಿನ್ನಲಿಲ್ಲ. ಸುಸ್ತಾಗಿದೆ ಎಂದುಕೊಂಡೆ.

ಆಮೇಲೆ ಅಷ್ಟಮಿ. ಅವನ ಗೆಳೆಯರಿಬ್ಬರು ಆ ವರ್ಷ ಮೊದಲ ಸಲ ಹುಲಿವೇಷ ಹಾಕುವವರಿದ್ದರು. ಹಿಂದಿನ ರಾತ್ರಿ ಬಣ್ಣ ಹಾಕುವುದನ್ನು ನೋಡಬೇಕು, ಕರೆದುಕೊಂಡು ಹೋಗಿ ಮಾವ ಎಂದ. ಹೋದೆವು. ಹುಡುಗರು ಕೈ ಅಗಲ ಮಾಡಿ ಸಾಲಾಗಿ ನಿಂತಿದ್ದರು. ಹಳದಿ ಬಣ್ಣ ಒಣಗುವವರೆಗೆ ಕೂರುವ ಹಾಗಿಲ್ಲ, ಒರಗುವ ಹಾಗಿಲ್ಲ. ಆಚೆ ತಾಸೆ ವಾದ್ಯದ ಸದ್ದು ಸಣ್ಣಗೆ ಶುರುವಾಗಿತ್ತು. ನಮ್ಮ ಹುಡುಗ ಎರಡು ಗಂಟೆ ಹೊತ್ತು ಕಣ್ಣು ಕೀಳದೆ ನೋಡಿದ. ಗೆಳೆಯರು ಹೇಳಿದ್ದರೋ ಏನೋ, ಬಣ್ಣ ಬರೆಯುತ್ತಿದ್ದವರು ಪ್ರೀತಿಯಿಂದಲೇ ಕರೆದರು: "ನೀನೂ ಬಾ ಮಾರಾಯ. ಎರಡು ಕೋಟ್ ಹಾಕಿ ಪಟ್ಟೆ ಬರೆದ್ರೆ ಅದು ಎಂತದೂ ಕಾಣ್ಲಿಕ್ಕಿಲ್ಲ."

ಅವನು ನಕ್ಕ. ಬೇಡ ಎಂದು ತಲೆ ಆಡಿಸಿದ. ಹೊಸ ಚರ್ಮದ ಮೇಲೆ ಆ ಬಣ್ಣ ಬೇಡ, ಬಣ್ಣ ತೆಗೆಯಲು ಸೀಮೆಎಣ್ಣೆ ಹಾಕಿ ತಿಕ್ಕುವುದಂತೂ ಬೇಡವೇ ಬೇಡ ಎಂದು ನನಗೂ ಗೊತ್ತಿತ್ತು. ಅವನು ಬೇಡ ಎಂದದ್ದು ಬೇರೆ ಕಾರಣಕ್ಕೆ. ವಾಪಸ್ ಬರುವಾಗ ಸ್ಕೂಟರಿನ ಹಿಂದೆ ಕೂತು ಹೇಳಿದ: "ಬಣ್ಣ ತೆಗೆದ ಮೇಲೆ ಪುನಃ ಕಾಣ್ತದಲ್ಲ ಮಾವ."

ಸ್ವಲ್ಪ ದೂರ ಹೋದ ಮೇಲೆ ಮತ್ತೆ: "ನಾಗಬನದಲ್ಲಿ ನೀವು ಯಾಕೆ ಶಾಲು ಹೊದೆಸಿದ್ರಿ?"

"ನಿಂಗೆ ಮುಜುಗರ ಆಗ್ಬಾರ್ದು ಅಂತ."

"ನಂಗೆ ಮುಜುಗರ ಆಗಿರ್ಲಿಲ್ಲ. ನೀವು ಹೊದೆಸಿದ ಮೇಲೆ ಆಯ್ತು."

ನಾನು ಸ್ಕೂಟರ್ ನಿಲ್ಲಿಸಿದೆ. ಅಷ್ಟಮಿಯ ಗೌಜಿಗೆ ಅಷ್ಟು ಹೊತ್ತಿನಲ್ಲೂ ಒಂದು ಗೂಡಂಗಡಿ ತೆರೆದಿತ್ತು. ಎರಡು ಚಾ ಹೇಳಿ ಕಟ್ಟೆಯ ಮೇಲೆ ಕೂತೆವು. ಅವನು ಚಾ ಲೋಟ ನೋಡುತ್ತಾ ಕೇಳಿದ: "ಅಷ್ಟು ಕಾಣ್ತದಾ?"

ಆವರೆಗೆ ಈ ಪ್ರಶ್ನೆಗೆ ಮನೆಯಲ್ಲಿ ಎಲ್ಲರದೂ ಒಂದೇ ಉತ್ತರ. ಏನೂ ಕಾಣುವುದಿಲ್ಲ ಮಗಾ, ಸುಮ್ನೆ ತಲೆಕೆಡಿಸ್ಕೊಳ್ಬೇಡ. ನಾನೇ ಹತ್ತು ಸಲ ಹಾಗೆ ಹೇಳಿದ್ದೆ. ಅವನಿಗೂ ಕಣ್ಣಿದೆ. ಕನ್ನಡಿ ತೆಗೆದಿಟ್ಟರೂ ಮೊಬೈಲ್ ಕ್ಯಾಮೆರಾ ಇದೆ. ಸುಳ್ಳು ಎಂದು ಅವನಿಗೆ ಗೊತ್ತಾಗುತ್ತಿತ್ತು. ಇದು ನಿಜ ಹೇಳಲು ಆಗದಷ್ಟು ಕೆಟ್ಟ ವಿಷಯ ಇರಬೇಕು ಎಂದು ಅವನು ಅರ್ಥ ಮಾಡಿಕೊಳ್ಳುತ್ತಿದ್ದ. ಆ ರಾತ್ರಿ ನಾನು ಇದ್ದದ್ದನ್ನು ಹೇಳಿದೆ. "ಕಾಣ್ತದೆ. ಕೆಂಪಿಗೆ ಉಂಟು, ನಡುವಲ್ಲಿ ದಪ್ಪ ಉಂಟು. ಯಾರು ಬಂದ್ರೂ ಒಮ್ಮೆ ಕಣ್ಣು ಅಲ್ಲಿಗೆ ಹೋಗ್ತದೆ. ನಂದೂ ಹೋಗ್ತದೆ."

ಅಳುತ್ತಾನೋ ಏನೋ ಎಂದು ಭಯ ಆಯಿತು. ಅವನು ಉಸಿರು ಬಿಟ್ಟ. ಆಮೇಲೆ ಪ್ರಶ್ನೆ ಮೇಲೆ ಪ್ರಶ್ನೆ. ಇದು ಹೀಗೇ ಇರ್ತದಾ? ಇನ್ನೂ ದಪ್ಪ ಆಗ್ತದಾ? ಕೊಯ್ದು ತೆಗೀಬಹುದಾ? ಒಳಗಿನ ತಂತಿಗೆ ಏರ್‌ಪೋರ್ಟಲ್ಲಿ ಬೀಪ್ ಆಗ್ತದಾ? ನಾಲ್ಕು ತಿಂಗಳಿಂದ ಒಳಗೇ ಇಟ್ಟುಕೊಂಡಿದ್ದನಲ್ಲ ಎಲ್ಲ. ನನಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಬರೆದುಕೋ, ಡಾಕ್ಟರ ಹತ್ತಿರ ನೀನೇ ಕೇಳು ಎಂದೆ.

ಚರ್ಮದ ಡಾಕ್ಟರ ಬಳಿ ಹೋದಾಗ ಅಕ್ಕನನ್ನು ನನ್ನ ಜೊತೆ ಹೊರಗೆ ಕೂರಿಸಿಕೊಂಡೆ. ಅವಳಿಗೆ ಸಿಟ್ಟು ಬಂತು. ಆದರೆ ಅದು ಅವನ ಎದೆ. ಅವನು ಒಬ್ಬನೇ ಒಳಗೆ ಹೋಗಿ ಮಾತಾಡಿ ಬಂದ. ಬಂದವನು ನಮಗೆ ಪಾಠ ಮಾಡಿದ. ಗಾಯದ ಕಲೆ ತನ್ನ ಕೊನೆಯ ರೂಪಕ್ಕೆ ಬರಲು ಒಂದರಿಂದ ಒಂದೂವರೆ ವರ್ಷ ಬೇಕಂತೆ. ಅಲ್ಲಿವರೆಗೆ ಕೆಂಪು, ತುರಿಕೆ, ಗಟ್ಟಿ ಇರುವುದು ಸಹಜ. ಎದೆಯ ಚರ್ಮ ಯಾವಾಗಲೂ ಎಳೆದ ಹಾಗೆ ಇರುವುದರಿಂದ ಅಲ್ಲಿ ಕಲೆ ದಪ್ಪ ಆಗುವುದು ಜಾಸ್ತಿ. ಗಾಯದ ಗಡಿಯ ಒಳಗೇ ಉಬ್ಬಿದ್ದರೆ ಅದು ನಿಧಾನಕ್ಕೆ ಇಳಿಯಬಹುದು. ಗಡಿ ದಾಟಿ ಪಕ್ಕದ ಒಳ್ಳೆಯ ಚರ್ಮಕ್ಕೂ ಹಬ್ಬಿದರೆ ಅದು ಕೆಲಾಯ್ಡ್. ಅದನ್ನು ಬರೀ ಕೊಯ್ದು ತೆಗೆದರೆ ಇನ್ನೂ ದೊಡ್ಡದಾಗಿ ವಾಪಸ್ ಬರಬಹುದು. ಇವನದು ಗಡಿಯೊಳಗೇ ಇತ್ತು. ತಂತಿಗೆ ಸಾಮಾನ್ಯವಾಗಿ ಬೀಪ್ ಆಗುವುದಿಲ್ಲ ಎಂದೂ ತಿಳಿಯಿತು. ಅದೇಕೋ ಅವನಿಗೆ ಅದೇ ಸ್ವಲ್ಪ ಬೇಸರ.

ಸಿಲಿಕೋನ್ ಪಟ್ಟಿ ಕೊಟ್ಟರು. ದಿನಕ್ಕೆ 12 ಗಂಟೆಗಿಂತ ಹೆಚ್ಚು, ಕಡಿಮೆಯೆಂದರೆ ಮೂರು ತಿಂಗಳು ಅಂಟಿಸಿಕೊಳ್ಳಬೇಕು. ನಮ್ಮೂರ ಬೆವರಿಗೆ ಅದು ನಿಲ್ಲಬೇಕಲ್ಲ! ಮಧ್ಯಾಹ್ನದೊಳಗೆ ಜಾರಿ ಬರುತ್ತಿತ್ತು, ಸುತ್ತ ಬೊಕ್ಕೆ ಬೇರೆ. ಕೊನೆಗೆ ರಾತ್ರಿ ಪಟ್ಟಿ, ಹಗಲು ಅದೇ ಸಿಲಿಕೋನಿನ ಜೆಲ್ ಎಂದು ಬದಲಾಯಿಸಿ ಕೊಟ್ಟರು. ಉಬ್ಬಿದ ಭಾಗಕ್ಕೆ ಎರಡು ಸಲ ಸ್ಟೀರಾಯ್ಡ್ ಇಂಜೆಕ್ಷನ್ ಆಯಿತು. ಅದು ನೋಯುತ್ತದೆ, ನೋಯುವುದಿಲ್ಲ ಎಂದು ಮಕ್ಕಳಿಗೆ ಹೇಳಬಾರದು. ನಿಂಬೆಹಣ್ಣು ತಿಕ್ಕಿ, ಅರಶಿನ ಹಚ್ಚಿ ಎಂದು ಬಂದ ಸಲಹೆಗಳನ್ನೆಲ್ಲ ಅಜ್ಜಿಯೇ ಬಾಗಿಲಲ್ಲಿ ತಡೆದರು. ಹೊಸ ಕಲೆಗೆ ಬಿಸಿಲು ಬಿದ್ದರೆ ಕಪ್ಪಾಗಿ ಉಳಿಯಬಹುದು. ಹಾಗಾಗಿ ಮಲ್ಪೆಗೆ ಹೋಗುವುದು ಬೆಳಿಗ್ಗೆ ಬೇಗ, ಸನ್‌ಸ್ಕ್ರೀನ್ ಹಚ್ಚಿಯೇ.

ಆ ಮಲ್ಪೆ ದಾರಿಯಲ್ಲಿ ನಾವು ಇನ್ನೊಂದು ಕೆಲಸ ಮಾಡಿದೆವು. ಕೇಳುವವರಿಗೆ ಏನು ಹೇಳುವುದು ಎಂದು ಅಭ್ಯಾಸ. ನಾನು ಬೇರೆ ಬೇರೆ ಜನರ ಹಾಗೆ ಕೇಳುತ್ತಿದ್ದೆ, ಅವನು ಉತ್ತರ ಕೊಡುತ್ತಿದ್ದ. ಮೊದಮೊದಲು ಉದ್ದ ಕತೆಯಾಗುತ್ತಿತ್ತು. ಕತೆ ಉದ್ದವಾದಷ್ಟೂ ಎದುರಿನವರ ಮುಖ ಸಣ್ಣದಾಗುತ್ತದೆ, ಆಮೇಲೆ ಇವನೇ ಅವರನ್ನು ಸಮಾಧಾನ ಮಾಡಬೇಕಾಗುತ್ತದೆ. ಕಡಿಮೆ ಮಾಡುತ್ತಾ ಬಂದು ಒಂದು ಸಾಲಿಗೆ ನಿಂತ: "ಹಾರ್ಟಲ್ಲಿ ತೂತಿತ್ತು, ಹೊಲಿದಿದ್ದಾರೆ, ಈಗ ಸರಿ ಉಂಟು." ಅದರ ಹಿಂದೆಯೇ ಬೇರೆ ಮಾತು ಎತ್ತುವುದು. ಹೇಳಲು ಮನಸ್ಸಿಲ್ಲದಿದ್ದರೆ "ಈಗ ಬೇಡ" ಎನ್ನುವುದು. ಈ ಎರಡನೆಯದು ಕಲಿಯಲು ತುಂಬಾ ದಿನ ಹಿಡಿಯಿತು. ದೊಡ್ಡವರಿಗೆ ಬೇಡ ಎನ್ನಲು ನಾವು ಮಕ್ಕಳಿಗೆ ಎಲ್ಲಿ ಕಲಿಸಿದ್ದೇವೆ?

ಒಂದು ಮದುವೆ ಊಟದಲ್ಲಿ ಅದು ಬೇಕಾಯಿತು. ದೂರದ ನೆಂಟರೊಬ್ಬರು "ತೋರ್ಸು ಮಗಾ, ಎಷ್ಟು ಉದ್ದ ಉಂಟು ನೋಡುವ" ಎಂದು ಅವನ ಅಂಗಿಯ ಗುಂಡಿಗೆ ಕೈ ಹಾಕಿಯೇಬಿಟ್ಟರು. ನನ್ನ ರಕ್ತ ಕುದಿಯಿತು. ನಾನು ಎದ್ದು ಹೋಗುವುದರೊಳಗೆ ಅವನು ಅವರ ಕೈ ಹಿಡಿದು ಕೆಳಗಿಟ್ಟ. "ಈಗ ಬೇಡ ಅಜ್ಜ. ನೀವು ಊಟ ಮಾಡಿ, ಪಾಯಸ ಬಂತು." ಆ ರಾತ್ರಿ ಮನೆಯಲ್ಲಿ ಅವನು ಯಾರ ಜೊತೆಗೂ ಮಾತಾಡಲಿಲ್ಲ. ಚೆನ್ನಾಗಿ ಉತ್ತರ ಕೊಟ್ಟೆ ಎಂದು ಹೊಗಳಲು ಹೋಗಿ ನಾನು ಬಾಯಿ ಮುಚ್ಚಿಕೊಂಡೆ. ಉತ್ತರ ಕೊಟ್ಟರೂ ನೋವು ನೋವೇ.

ಒಂದು ಸಂಜೆ ಅವನೇ ಎಲ್ಲೋ ಓದಿಕೊಂಡು ಬಂದು ನನಗೆ ಹೇಳಿದ. ಆಪರೇಷನ್ ಹೊತ್ತಲ್ಲಿ ಹೃದಯ, ಶ್ವಾಸಕೋಶದ ಕೆಲಸ ಮಾಡುವ ಹಾರ್ಟ್-ಲಂಗ್ ಯಂತ್ರ ಬಳಸಿ ಮೊದಲ ಸಲ ಯಶಸ್ವಿಯಾಗಿ ಹೃದಯ ತೆರೆದು ಆಪರೇಷನ್ ಮಾಡಿದ್ದು 1953ರ ಮೇ 6ರಂದು, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಮಾಡಿದವರು ಡಾಕ್ಟರ್ ಜಾನ್ ಗಿಬ್ಬನ್. ರೋಗಿ 18 ವರ್ಷದ ಹುಡುಗಿ. "ಅವಳಿಗೂ ಇದೇ ತೂತು ಮಾವ! ನಂದೇ!" ಎಂದು ಎದೆ ಮುಟ್ಟಿಕೊಂಡ. ಅವನು ಬೇರೆಯವರ ಮುಂದೆ ತಾನಾಗಿ ಆ ಜಾಗಕ್ಕೆ ಕೈ ಇಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು. ಆ ವಾರವೇ ಬಚ್ಚಲುಮನೆಯ ಮೊಳೆಗೆ ಕನ್ನಡಿ ವಾಪಸ್ ಬಂದಿತ್ತು. ಯಾರು ಹಾಕಿದರೆಂದು ನಾನು ಕೇಳಲಿಲ್ಲ.

ಮುಂದಿನ ನಾಗರಪಂಚಮಿಗೆ ಅದೇ ನಾಗಬನ. ಸಣ್ಣಗೆ ಮಳೆ ಹನಿಯುತ್ತಿತ್ತು. ಗೆರೆಯ ಮೇಲಿನ ಅರ್ಧ ತಿಳಿಯಾಗಿ ಚರ್ಮದ ಬಣ್ಣಕ್ಕೆ ಹತ್ತಿರ ಬಂದಿತ್ತು. ನಡುವಿನ ಗಂಟು ಇನ್ನೂ ಇತ್ತು. ಅವನು ಅಂಗಿ ಕಳಚಿ ಮಡಚಿ ಅಕ್ಕನ ಚೀಲಕ್ಕೆ ಹಾಕಿದ. ನನ್ನ ಹೆಗಲ ಮೇಲೆ ಶಾಲು ಇತ್ತು. ಅದರ ತುದಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ನಿಂತೆ.

ಅವನ ಚಿಕ್ಕಪ್ಪನ ಮಗ, ಆರು ವರ್ಷದವನು, ಬಂದು ಎದುರಿಗೆ ನಿಂತ. "ಅಣ್ಣಾ, ಇದೆಂತ?"

"ಹಾರ್ಟಲ್ಲಿ ತೂತಿತ್ತು. ಹೊಲಿದಿದ್ದಾರೆ. ಈಗ ಸರಿ ಉಂಟು."

"ದಾರದಲ್ಲಾ?"

"ಒಳಗೆ ದಾರ. ಮೂಳೆಗೆ ತಂತಿ."

"ನೋಯ್ತದಾ?"

"ಇಲ್ಲ. ಒಮ್ಮೊಮ್ಮೆ ತುರಿಸ್ತದೆ."

ಹುಡುಗ ಬೆರಳು ಚಾಚಿದ. ಅವನ ಅಮ್ಮ ದೂರದಿಂದ ಗದರಿಸಿದರು. ನಮ್ಮವನು ಪರವಾಗಿಲ್ಲ ಚಿಕ್ಕಮ್ಮ ಎಂದು, ಸ್ವಲ್ಪ ಬಗ್ಗಿ ನಿಂತ. ಸಣ್ಣವನು ಒಂದೇ ಬೆರಳಲ್ಲಿ ಮೇಲಿನಿಂದ ಕೆಳಗಿನವರೆಗೆ ಮೆಲ್ಲ ಎಳೆದು ನೋಡಿದ. ಭಟ್ಟರು ಸಿಯಾಳ ತನ್ನಿ ಎಂದು ಕರೆದರು. ಇಬ್ಬರೂ ಒಂದೊಂದು ಸಿಯಾಳ ಎತ್ತಿಕೊಂಡು ಕಲ್ಲಿನ ಕಡೆಗೆ ಓಡಿದರು.