ಹನ್ನೊಂದಕ್ಕೆ ಸರೋವರ, ಮೂರಕ್ಕೆ ವಾಪಸ್

ಬೆಳಗಾವಿಯಲ್ಲಿ ನಮ್ಮದೊಂದು ಸಣ್ಣ ಟೂರ್ ಆಫೀಸ್. ಯಲ್ಲಮ್ಮನ ಗುಡ್ಡ, ಪಂಢರಪುರ, ಬಾದಾಮಿ-ಬನಶಂಕರಿ, ಇವೇ ನಮ್ಮ ಅನ್ನ. ಹೋದ ವರ್ಷ ಗಾಳದ ಹುಚ್ಚಿನ ಆರು ಜನ ಬಂದು, "ಕಾಶ್ಮೀರಕ್ಕ ಹೋಗಿ ಟ್ರೌಟ್ ಹಿಡಿಯೋಣ್ರೀ" ಅಂದರು. ಹೂಂ ಅಂದೆ.

ಜಾಗ ಹರಮುಖ ಪರ್ವತದ ಬುಡದ ಗಂಗಬಲ್ ಸರೋವರ. 3,500 ಮೀಟರ್‌ಗೂ ಎತ್ತರ, ನಾರಾನಾಗ್‌ನಿಂದ ನಡೆದೇ ಹತ್ತಬೇಕು. ಟ್ರೌಟ್ ಅಲ್ಲಿಯ ಮೂಲ ಮೀನಲ್ಲ. ಬ್ರಿಟಿಷರು 1900ರಲ್ಲಿ ಮೊಟ್ಟೆ ತರಿಸಿ ಕಾಶ್ಮೀರದಲ್ಲಿ ಬೆಳೆಸಿದ್ದು. ತಣ್ಣೀರೇ ಬೇಕು ಅದಕ್ಕೆ, ನಮ್ಮ ಘಟಪ್ರಭೆಯ ಬೇಸಿಗೆ ತಾಳುವುದಲ್ಲ.

ಹೊರಡುವ ಮುಂಚೆ ಎರಡು ಭಾನುವಾರ ಮೈದಾನದಲ್ಲಿ ಫ್ಲೈ ಎಸೆಯುವ ಪ್ರಾಕ್ಟೀಸ್. ಗಾಳದ ಬದಲು ಕೆಂಪು ಉಣ್ಣೆಯ ತುಣುಕು. ಫ್ಲೈ ಅಂದರೆ ಪುಕ್ಕ, ದಾರ ಸುತ್ತಿದ ಗಾಳ ಅಷ್ಟೇ, ತೂಕವೇ ಇರಲ್ಲ. ಅದನ್ನು ದೂರ ಒಯ್ಯುವುದು ದಪ್ಪ ದಾರದ ಭಾರ. ಕೋಲನ್ನು ಹಿಂದಕ್ಕೆತ್ತಿ ನಿಲ್ಲಿಸಬೇಕು. ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವ ತನಕ ಕಾದು, ಆಮೇಲೆ ಮುಂದಕ್ಕೆ. ಎರೆಹುಳು ಹಾಕಿ ರೂಢಿಯಾದ ಕಾಕಾ ಒಬ್ಬರು ಕಾಯುತ್ತಲೇ ಇರಲಿಲ್ಲ. ಬಾರುಕೋಲಿನ ಹಾಗೆ ಚಟ್ ಅಂತ ಸದ್ದು, ಉಣ್ಣೆ ಹಾರಿಹೋಗುತ್ತಿತ್ತು.

ಪರವಾನಗಿ, ಟೆಂಟ್, ಕುದುರೆಯವರು, ಎಲ್ಲ ಸರಿ ಇತ್ತು. ಎಡವಿದ್ದು ಟೈಮ್‌ಟೇಬಲ್‌ನಲ್ಲಿ. ಕೈ ರೂಢಿಯಂತೆ ದೇವಸ್ಥಾನದ ಟೂರಿನ ಹಾಗೆ ಬರೆದಿದ್ದೆ: ಒಂಬತ್ತಕ್ಕೆ ಉಪ್ಪಿಟ್ಟು, ಹನ್ನೊಂದರಿಂದ ಮೂರು ಸರೋವರ, ಆಮೇಲೆ ಕೆಳಗಿನ ಕ್ಯಾಂಪ್. ದಾರಿ ಎಷ್ಟು, ಚಳಿ ಎಷ್ಟು ಅಂತ ಎಲ್ಲರನ್ನೂ ಕೇಳಿದ್ದೆ. ಮೀನು ಯಾವಾಗ ಉಣ್ಣುತ್ತೆ ಅಂತ ಯಾರನ್ನೂ ಕೇಳಿರಲಿಲ್ಲ. ಬಿಸಿಲು ನೆತ್ತಿಯ ಮೇಲೆ, ನೀರು ಗಾಜಿನಂತೆ ತಿಳಿ. ಅಂಥ ಹೊತ್ತಲ್ಲಿ ಟ್ರೌಟ್ ಆಳಕ್ಕಿಳಿಯುತ್ತದೆ, ಮನುಷ್ಯರ ನೆರಳು ಬಿದ್ದರೂ ಓಡುತ್ತದೆ. ನಾಲ್ಕು ತಾಸಿಗೆ ಒಂದೂ ಸಿಗಲಿಲ್ಲ. ಶ್ರಾವಣ ಬೇರೆ. ಇಬ್ಬರು "ನಾವು ಹಿಡಿದು ಬಿಟ್ಟುಬಿಡ್ತೀವಿ" ಅಂದಿದ್ದರು. ಬಿಡೋಕೆ ಮೊದಲು ಹಿಡಿಯಬೇಕಲ್ವಾ?

ಕೋಲು ಬಿಚ್ಚಿ ಗಂಟು ಕಟ್ಟುವಷ್ಟರಲ್ಲಿ ನಾಲ್ಕೂವರೆ. ಮೋಡ ಮುಚ್ಚಿ ಗಾಳಿ ನಿಂತಿತು. ದಂಡೆಯಿಂದ ಹತ್ತು ಮಾರು ದೂರದಲ್ಲಿ ನೀರಿನ ಮೇಲೊಂದು ಉಂಗುರ. ಅದರ ಪಕ್ಕ ಇನ್ನೊಂದು. ನೀರಿಗಿಳಿದ ಸಣ್ಣ ಹುಳಕ್ಕೆ ಮೀನು ಮೇಲೆ ಬಂದಿದ್ದವು. ಕುದುರೆಯವರು ಕತ್ತಲಾಗುತ್ತೆ ಅಂತ ಅವಸರ ಮಾಡುತ್ತಿದ್ದರು.

ಕಾಕಾ ನನ್ನನ್ನೇ ನೋಡಿದರು. "ತಮ್ಮಾ, ನಾವು ಗಂಟು ಕಟ್ಟೋದನ್ನ ಕಾಯ್ಕೋತ ಕುಂತಿದ್ವೇನಪಾ ಇವು?"

ಈ ಸಲ ಅದೇ ಆರು ಜನ ಮತ್ತೆ ಹೊರಟಿದ್ದಾರೆ. ಶ್ರಾವಣಕ್ಕೆ ಮುಂಚೆಯೇ. ಸರೋವರದ ಹತ್ತಿರವೇ ಎರಡು ರಾತ್ರಿ ಟೆಂಟ್, ಬೆಳಗಿನ ಐದಕ್ಕೆ ಚಹಾ. ಹತ್ತರಿಂದ ನಾಲ್ಕರ ತನಕ 'ಊಟ, ನಿದ್ದೆ' ಅಂತ ಬರೆದಿದ್ದೇನೆ. ಪ್ರಿಂಟ್ ತೆಗೆಯುತ್ತಿದ್ದ ಆಫೀಸಿನ ಹುಡುಗ ಅಲ್ಲೇ ಬೆರಳಿಟ್ಟ.

"ಸರ್, ಮಲಗೋದಕ್ಕೂ ರೊಕ್ಕ ತಗೋತೀವೇನ್ರೀ?"