ಸಹಿ ಯಾರದು

ಮಂಗಳವಾರ ಕೇಳಿದ ಒಂದು ಪ್ರಶ್ನೆ ವಾರವಿಡೀ ನನ್ನನ್ನು ಬಿಟ್ಟಿಲ್ಲ. ಕಲಬುರಗಿ ಕಡೆಯಿಂದ ಪುಣೆಯ ಕಾತ್ರಜ್‌ಗೆ ಕಟ್ಟಡದ ಕೆಲಸಕ್ಕೆಂದು ಬಂದಿರುವ ಹೆಣ್ಣುಮಗಳೊಬ್ಬಳಿಗೆ ಮರಾಠಿ-ಕನ್ನಡದ ನಡುವೆ ಮಾತು ಅನುವಾದಿಸಲು ನಾನು ಒಂದು ನರ್ಸಿಂಗ್ ಹೋಮ್‌ಗೆ ಹೋಗಿದ್ದೆ. ಇಬ್ಬರು ಮಕ್ಕಳ ತಾಯಿ. ಮೂರನೆಯದಕ್ಕೆ ಏಳು ವಾರ ತುಂಬಿತ್ತು; ಅದು ಬೇಡವೆಂದು ಗರ್ಭಪಾತಕ್ಕೆ ಬಂದಿದ್ದಳು. ಗಂಡ ಗುತ್ತಿಗೆದಾರನ ಜೊತೆ ಸೂರತ್‌ಗೆ ಹೋಗಿದ್ದ.

ಕೌಂಟರಿನಲ್ಲಿದ್ದಾಕೆ ತಲೆಯೆತ್ತದೆ, "ಗಂಡನ ಸಹಿ ಇಲ್ಲದೆ ಆಗುವುದಿಲ್ಲ" ಎಂದು ಮರಾಠಿಯಲ್ಲಿ ಹೇಳಿದಳು. ನಾನು ಅದನ್ನು ಹಾಗೆಯೇ ಕನ್ನಡಕ್ಕೆ ತಂದೆ. ಆಗ ಅವಳು ಕೇಳಿದ್ದು: "ಮೈ ನಂದು, ಸೈ ಅವರದ್ಯಾಕ ಬೇಕ್ರಿ ಅಕ್ಕಾ?"

ಆ ಪ್ರಶ್ನೆಯನ್ನು ನಾನು ಮರಾಠಿಗೆ ತರಲಿಲ್ಲ. ಇದೇ ನನ್ನನ್ನು ಈಗಲೂ ಚುಚ್ಚುತ್ತಿರುವುದು. ನಿಯಮವೇ ಹಾಗಿರಬೇಕೆಂದು ನಂಬಿ ಅವಳನ್ನು ರಿಕ್ಷಾ ಹತ್ತಿಸಿದೆ. ಎರಡನೆಯ ಹೆರಿಗೆಯಾದಾಗಲೇ ಕಾಪರ್-ಟಿ ಹಾಕಿಸಿಕೊಳ್ಳಬೇಕೆಂದಿದ್ದಳಂತೆ; ಅತ್ತೆ ಬೇಡವೆಂದರಂತೆ. ಅಂದರೆ ಬೇರೆಯವರ ಒಪ್ಪಿಗೆಗೆ ಕಾದು ನಿಂತಿದ್ದು ಅವಳಿಗೆ ಇದೇ ಮೊದಲಲ್ಲ.

ಆ ರಾತ್ರಿ ಕಾನೂನನ್ನು ಓದಿದೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯಲ್ಲಿ, 18 ತುಂಬಿದ ಮತ್ತು ಮಾನಸಿಕ ಅಸ್ವಸ್ಥತೆಯಿಲ್ಲದ ಹೆಣ್ಣಿನ ವಿಷಯದಲ್ಲಿ, ಅವಳ ಒಪ್ಪಿಗೆಯೊಂದನ್ನು ಬಿಟ್ಟು ಬೇರೆ ಯಾರ ಒಪ್ಪಿಗೆಯನ್ನೂ ಕೇಳಿಲ್ಲ. ವೈದ್ಯರು ಕಾನೂನಿನಲ್ಲಿಲ್ಲದ ಇಂಥ ಷರತ್ತುಗಳನ್ನು ಹೇರಬಾರದೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಬಿಡಿಸಿ ಹೇಳಿದೆ. ಹೀಗಿದ್ದೂ ಕೌಂಟರಿನ ಒಂದು ಮಾತಿಗೆ ಐವತ್ತು ವರ್ಷ ದಾಟಿದ ಕಾಯ್ದೆ ಹೊರಗೇ ಉಳಿಯುತ್ತದೆ. ಆಸ್ಪತ್ರೆಯವರು ನಾಳೆ ಗಂಡ ಬಂದು ಗಲಾಟೆ ಮಾಡಿದರೆಂಬ ಭಯಕ್ಕೆ ಈ ಸಹಿ ಕೇಳುತ್ತಾರೆಂದು ನನಗನ್ನಿಸುತ್ತದೆ. ಆದರೆ ಅವರ ಭಯಕ್ಕೆ ದಂಡ ತೆರುವವಳು ಅವಳು. ಒಂಬತ್ತು ವಾರದೊಳಗೆ ಮಾತ್ರೆಯಿಂದಲೇ ಆಗಬಹುದಾದದ್ದು ಆಮೇಲೆ ಶಸ್ತ್ರಕ್ರಿಯೆಗೆ ಹೋಗಬಹುದು. ದಿನಗೂಲಿಯವಳಿಗೆ ಒಂದೊಂದು ಓಡಾಟವೂ ಒಂದೊಂದು ದಿನದ ಸಂಬಳ.

ಶುಕ್ರವಾರ ಬೇರೆ ಆಸ್ಪತ್ರೆಗೆ ಹೋಗುವಾಗ ರಿಕ್ಷಾ ಕರ್ವೆ ರಸ್ತೆಯಲ್ಲಿ ಸಾಗಿತ್ತು. ವಿಧವೆಯರ ಓದಿಗಾಗಿ ದುಡಿದ ಧೋಂಡೋ ಕೇಶವ ಕರ್ವೆಯವರ ಹೆಸರು ಈ ರಸ್ತೆಗಿದೆ. ಅವರ ಮಗ ರಘುನಾಥ ಕರ್ವೆಯವರು 1921ರಲ್ಲಿಯೇ ಮುಂಬೈಯಲ್ಲಿ ಸಂತಾನ ನಿಯಂತ್ರಣ ಕೇಂದ್ರ ತೆರೆದು ಊರೆಲ್ಲರ ನಿಂದೆ ಉಂಡಿದ್ದರು. ನಮ್ಮ ಮೈಸೂರು ಸಂಸ್ಥಾನ 1930ರಲ್ಲಿ ಸರ್ಕಾರದಿಂದಲೇ ಇಂಥ ಕೇಂದ್ರಗಳನ್ನು ತೆರೆಯಿತು. ಅಷ್ಟು ಹಿಂದೆ ತೆರೆದ ಬಾಗಿಲಿನ ಮುಂದೆ ಇವಳು ಇಂದು ಯಾಕೆ ನಿಲ್ಲಬೇಕು?

ಆ ಎರಡನೆಯ ಆಸ್ಪತ್ರೆಯ ವೈದ್ಯೆ ಗಂಡನ ವಿಷಯ ಎತ್ತಲೇ ಇಲ್ಲ. ಒಪ್ಪಿಗೆಯ 'ಸಿ' ನಮೂನೆಯಲ್ಲಿ 'ಮಗಳು/ಹೆಂಡತಿ' ಎಂಬ ಜಾಗವನ್ನು ನಾನು ಓದಿ ಹೇಳಿದಾಗ ಅವಳು ಕ್ಷಣ ಯೋಚಿಸಿ, "ಅಪ್ಪನ ಹೆಸರು ಬರೀರಿ" ಎಂದಳು. ಸಿಸ್ಟರ್ ಹೆಬ್ಬೆಟ್ಟಿಗೆಂದು ಇಂಕ್ ಪ್ಯಾಡ್ ಮುಂದಿಟ್ಟರು. ಅವಳು ಅದನ್ನು ಪಕ್ಕಕ್ಕೆ ಸರಿಸಿ, ನನ್ನ ಪೆನ್ನು ತೆಗೆದುಕೊಂಡು, ಸಿಮೆಂಟಿನಿಂದ ಬಿರಿದ ಬೆರಳುಗಳಲ್ಲಿ ತನ್ನ ಹೆಸರಿನ ಮೂರು ಅಕ್ಷರಗಳನ್ನು ಕನ್ನಡದಲ್ಲಿ ನಿಧಾನವಾಗಿ ಬರೆದಳು.